ತಪ್ಪಿಸಲಾಗದ ಪ್ರಯಾಣಕ್ಕೊಂದು ಕಾರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಮನೆಗಳಲ್ಲಿ ಕಾರು ಕೊಳ್ಳುವ ಮಾತು ಬಂದರೆ ಮೊದಲು ಏಳುವ ಪ್ರಶ್ನೆ "ಎಷ್ಟ ಮಂದಿ ಕುಂದ್ರತಾರ?" ಎಂಬುದು. ಅದರ ಬೆನ್ನಿಗೇ "ಎಷ್ಟ ಆವರೇಜ್ ಕೊಡ್ತೈತಿ?" ಎಂಬ ಪ್ರಶ್ನೆ ಬರುತ್ತದೆ. ಎರಡೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಅವಕ್ಕೂ ಮೊದಲು ಇತ್ಯರ್ಥವಾಗಬೇಕಾದದ್ದು ಇನ್ನೊಂದಿದೆ: ಈ ಮನೆಯವರು ಮುಂದೂಡಲಾಗದ ಪ್ರಯಾಣ ಯಾವುದು? ಮದುವೆ, ಜಾತ್ರೆ, ಸವದತ್ತಿ, ಪಂಢರಪುರ, ಶ್ರೀಶೈಲಗಳ ತಾರೀಖು ಮುಂಚೆಯೇ ಗೊತ್ತಿರುತ್ತದೆ. ಬೇಕಾದರೆ ಬಾಡಿಗೆಗೆ ಕ್ರೂಸರ್ ಹೇಳಿಟ್ಟು ಇಡೀ ಬಳಗ ಒಟ್ಟಿಗೆ ಹೋಗಬಹುದು. ರಾತ್ರಿ ಹನ್ನೊಂದಕ್ಕೆ ಎದೆನೋವು ಕಾಣಿಸಿಕೊಂಡವರನ್ನು ಮಿರಜಿಗೋ ಬೆಳಗಾವಿಗೋ ಬಾಗಲಕೋಟೆಗೋ ಒಯ್ಯುವುದು ಹಾಗಲ್ಲ. ಬಾಗಲಕೋಟೆ-ಕುಡಚಿ ರೈಲುಮಾರ್ಗ ಮಂಜೂರಾಗಿ ದಶಕ ಕಳೆದರೂ ಈ ನಾಲ್ಕು ಊರುಗಳಿಗೆ ರೈಲು ಬಂದಿಲ್ಲ. ಜಮಖಂಡಿಯಿಂದ ವಿಜಯಪುರ ಅರವತ್ತು ಕಿಲೋಮೀಟರಿನಷ್ಟು, ಮಿರಜ್ ನೂರರ ಆಸುಪಾಸು, ಬೆಳಗಾವಿ ಅದಕ್ಕೂ ಹೆಚ್ಚು. ಸ್ವಂತ ಕಾರು ನಿಜವಾಗಿ ಬೇಕಾಗುವುದು ಇಂಥ ದಾರಿಗೆ. ಅದಕ್ಕೆ ಒಪ್ಪುವ ಕಾರನ್ನು ಆರಿಸಿದರೆ ಉಳಿದ ಓಡಾಟಕ್ಕೆ ಅದು ತಾನಾಗಿ ಸಾಕಾಗುತ್ತದೆ. ವರ್ಷಕ್ಕೆ ನಾಲ್ಕೈದು ಸಲದ ಜಾತ್ರೆಗೆಂದು ಆರಿಸಿದ ಕಾರು ಈ ದಾರಿಗೆ ಒಪ್ಪುತ್ತದೆಂಬ ಖಾತ್ರಿಯಿಲ್ಲ. ಈ ಅಧ್ಯಾಯದ ವಾದ ಇಷ್ಟೇ.

ಮೊದಲು ಜಾಗದ ವಿಷಯ. ಸೀಟುಗಳ ಎಣಿಕೆಯೂ ಜಾಗವೂ ಬೇರೆ ಬೇರೆ. ಮಾರುತಿ ಎರ್ಟಿಗಾದಲ್ಲಿ ಏಳೂ ಸೀಟು ಎಬ್ಬಿಸಿಟ್ಟರೆ ಡಿಕ್ಕಿಯಲ್ಲಿ ಉಳಿಯುವುದು 209 ಲೀಟರ್ ಜಾಗ. ರೆನೊ ಟ್ರೈಬರ್‌ನಲ್ಲಿ 84 ಲೀಟರ್ ಮಾತ್ರ, ಅಂದರೆ ಒಂದೆರಡು ಕೈಚೀಲ. ಐದು ಸೀಟಿನ ಟಾಟಾ ನೆಕ್ಸಾನ್, ಮಾರುತಿ ಡಿಜೈರ್‌ಗಳಲ್ಲಿ ಐವರೂ ಕುಳಿತ ಮೇಲೆ 380 ಲೀಟರಿನಷ್ಟು ಜಾಗ ಉಳಿದಿರುತ್ತದೆ. ಸೀರೆಯ ಗಂಟು ಹೊತ್ತು ಮಾರುಕಟ್ಟೆಗೆ ಹೋಗುವ ಬನಹಟ್ಟಿಯ ನೇಕಾರನಿಗಾಗಲಿ, ಬೀಜ-ಗೊಬ್ಬರದ ಚೀಲ ತರುವ ಮುಧೋಳದ ರೈತನಿಗಾಗಲಿ ಈ ವ್ಯತ್ಯಾಸ ಸಣ್ಣದಲ್ಲ. ಏಳು ಮಂದಿ ಹತ್ತಿದ ದಿನ ಸಾಮಾನು ತೊಡೆಯ ಮೇಲೆ ಬರುತ್ತದೆ, ಇಲ್ಲವೆ ಕ್ಯಾರಿಯರ್ ಏರುತ್ತದೆ. ಹಿಂದಿನ ಸಾಲಿಗೆ ಹೋಗಬೇಕಾದರೆ ನಡುವಿನ ಸೀಟು ಮಡಚಿ ಬಗ್ಗಿ ನುಸುಳಬೇಕು. ಮೊಣಕಾಲು ನೋವಿನ ಹಿರಿಯರಿಗೆ ಅದು ಆಗದ ಮಾತು, ಆದ್ದರಿಂದ ಆ ಸಾಲು ಮಕ್ಕಳ ಪಾಲಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ ನಲವತ್ತು ಡಿಗ್ರಿ ದಾಟುವ ಈ ಸೀಮೆಯಲ್ಲಿ ತಂಪುಗಾಳಿ ಅಲ್ಲಿಗೆ ಸರಿಯಾಗಿ ಮುಟ್ಟುತ್ತದೆಯೇ ಎಂಬುದನ್ನೂ ನೋಡಬೇಕು. ಹಾಗಾಗಿ ಶೋರೂಮಿಗೆ ಮನೆಯ ಹಿರಿಯರನ್ನೇ ಕರೆದೊಯ್ಯುವುದು ಒಳ್ಳೆಯದು. ಅವರು ಯಾರ ಕೈಯನ್ನೂ ಹಿಡಿಯದೆ ಹತ್ತಿ, ಇಳಿದು, ಅರ್ಧ ತಾಸು ಕೂರಬಲ್ಲರಾದರೆ ಆ ಕಾರಿನಲ್ಲಿ ಜಾಗವಿದೆ ಎನ್ನಬಹುದು.

ಇಲ್ಲಿ ಒಂದು ಆಕ್ಷೇಪ ಏಳುವುದು ಸಹಜ. ಇದು ಕೂಡು ಕುಟುಂಬಗಳ ನಾಡು. ಅಜ್ಜ-ಅಜ್ಜಿ, ಇಬ್ಬರು ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು ಎಂದರೆ ಐದು ಸೀಟು ಯಾವ ಮೂಲೆಗೆ? ಮಾತು ನಿಜ. ಆದರೆ ಇದಕ್ಕೆ ಉತ್ತರ ಮನೆಯ ತಲೆ ಎಣಿಕೆಯಲ್ಲಿಲ್ಲ, ವರ್ಷದ ಓಡಾಟದ ಲೆಕ್ಕದಲ್ಲಿದೆ. ಹೋದ ವರ್ಷ ಐದಕ್ಕಿಂತ ಹೆಚ್ಚು ಮಂದಿ ಒಂದೇ ಗಾಡಿಯಲ್ಲಿ ಹೋದ ಸಂದರ್ಭಗಳನ್ನು ಕಾಗದದ ಮೇಲೆ ಬರೆಯಬೇಕು. ವಾರಕ್ಕೊಮ್ಮೆ ಬರುವಂತಿದ್ದರೆ ಏಳು ಸೀಟಿನ ಗಾಡಿ ಆ ಮನೆಯ ನಿಜವಾದ ಅಗತ್ಯ. ಎರ್ಟಿಗಾ, ಕಿಯಾ ಕಾರೆನ್ಸ್‌ಗಳತ್ತ ನೋಡುವುದೇ ಸರಿ. ವರ್ಷಕ್ಕೆ ಐದು ಸಲ ಮಾತ್ರ ಎಂದಾದರೆ ಲೆಕ್ಕ ಬೇರೆ. ದೊಡ್ಡ ಗಾಡಿಗೆ ಮೂರು ಲಕ್ಷ ಹೆಚ್ಚು ಕೊಟ್ಟು ಹತ್ತು ವರ್ಷ ಇಟ್ಟುಕೊಂಡರೆ, ಬಡ್ಡಿ ಬಿಟ್ಟರೂ, ವರ್ಷಕ್ಕೆ 30,000 ರೂಪಾಯಿ ಆ ಎರಡು ಸೀಟುಗಳಿಗೆ ಹೋಗುತ್ತದೆ. ಅಂದರೆ ಪ್ರತಿ ಪ್ರಯಾಣಕ್ಕೆ 6,000. ಅಷ್ಟು ಹಣವನ್ನು ಬಾಡಿಗೆ ಗಾಡಿಗೆ ಎತ್ತಿಟ್ಟರೆ ಏಳು ಮಂದಿಯಲ್ಲ, ಹತ್ತು ಮಂದಿ ಹೋಗಬಹುದು; ಓಡಿಸುವವನೂ ಅದರಲ್ಲೇ ಬರುತ್ತಾನೆ.

ಸುರಕ್ಷತೆಯ ಲೆಕ್ಕವೂ ಇದೇ ಕಡೆಗೆ ವಾಲುತ್ತದೆ. 2023ರ ಅಕ್ಟೋಬರ್ 1ರಿಂದ ನಮ್ಮ ದೇಶದ್ದೇ ಆದ ಭಾರತ್ ಎನ್‌ಕ್ಯಾಪ್ ಪರೀಕ್ಷೆ ಜಾರಿಯಲ್ಲಿದೆ. ಕಾರನ್ನು ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಗುದ್ದಿಸಿ, ಪಕ್ಕದಿಂದ 50ರ ವೇಗದಲ್ಲಿ ಗುದ್ದಿ, ಒಳಗಿನ ಬೊಂಬೆಗಳಿಗೆ ಆದ ಪೆಟ್ಟನ್ನು ಅಳೆದು ನಕ್ಷತ್ರ ಕೊಡುತ್ತಾರೆ. ಆ ಬೊಂಬೆಗಳು ಕೂರುವುದು ಎಲ್ಲಿ ಎಂಬುದನ್ನು ಗಮನಿಸಬೇಕು: ದೊಡ್ಡವರ ಬೊಂಬೆಗಳು ಮುಂದೆ, ಮಕ್ಕಳ ಬೊಂಬೆಗಳು ಎರಡನೆಯ ಸಾಲಿನಲ್ಲಿ. ಮೂರನೆಯ ಸಾಲಿನಲ್ಲಿ ಯಾರೂ ಇರುವುದಿಲ್ಲ. ಏಳು ಸೀಟಿನ ಗಾಡಿಗೆ ಐದು ನಕ್ಷತ್ರ ಬಂದಿದ್ದರೂ ಹಿಂಬಾಗಿಲಿಗೆ ಒತ್ತಿ ಕೂತ ಮಗುವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ನಕ್ಷತ್ರ ಓದುವಾಗ ಇಸವಿಯನ್ನೂ ಓದಬೇಕು. ಹೊರದೇಶದ ಪರೀಕ್ಷಾ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ 2019ರಲ್ಲಿ ಎರ್ಟಿಗಾಗೆ ಮೂರು ನಕ್ಷತ್ರ ಕೊಟ್ಟಿತ್ತು. ನಿಯಮ ಬಿಗಿಯಾದ ಮೇಲೆ 2024ರಲ್ಲಿ ಎರಡೇ ಏರ್‌ಬ್ಯಾಗಿನ ಮಾದರಿಗೆ ಸಿಕ್ಕಿದ್ದು ಒಂದು. ಎತ್ತರದ ಮೇಲ್ಛಾವಣಿಯಿಂದಾಗಿ ಹಿರಿಯರಿಗೆ ಹತ್ತಲು ಸುಲಭವಾದ ವ್ಯಾಗನ್ ಆರ್ 2023ರಲ್ಲಿ ಒಂದೇ ನಕ್ಷತ್ರ ಪಡೆಯಿತು. 2024ರ ಹೊಸ ಡಿಜೈರ್ ಐದು ಪಡೆಯಿತು, ಆದರೆ ಅದರ ಸೀಟು ತಗ್ಗಿನಲ್ಲಿದೆ. ಎಲ್ಲವೂ ಇರುವ ಕಾರು ಇಲ್ಲ. ಯಾವುದನ್ನು ಬಿಟ್ಟುಕೊಡಬಹುದು ಎಂಬ ತೀರ್ಮಾನ ಕೊಳ್ಳುವವರದು. ಕೊರತೆಗಳಲ್ಲಿ ಪೆಟ್ಟು ತಡೆಯದಿರುವುದೊಂದನ್ನು ಮಾತ್ರ ಆಮೇಲೆ ಸರಿಪಡಿಸಿಕೊಳ್ಳಲು ಬರುವುದಿಲ್ಲ.

"ನಮ್ಮ ರಸ್ತೆಯಲ್ಲಿ ಅಷ್ಟು ಜೋರಾಗಿ ಯಾರು ಓಡಿಸುತ್ತಾರೆ?" ಎಂಬ ಮಾತನ್ನೂ ತೂಗಿ ನೋಡೋಣ. ಕಬ್ಬು ನುರಿಸುವ ಹಂಗಾಮಿನಲ್ಲಿ ಮುಧೋಳ, ಸಮೀರವಾಡಿ, ಜಮಖಂಡಿ ಸುತ್ತಿನ ಕಾರ್ಖಾನೆಗಳಿಗೆ ರಾತ್ರಿಯಿಡೀ ಎರಡೆರಡು ಟ್ರೇಲರಿನ ಟ್ರ್ಯಾಕ್ಟರುಗಳು ಸಾಗುತ್ತವೆ. ಎಷ್ಟೋ ಟ್ರೇಲರುಗಳಿಗೆ ಹಿಂದೆ ದೀಪವಿರುವುದಿಲ್ಲ, ಇದ್ದ ಪ್ರತಿಫಲಕವನ್ನು ಕಬ್ಬು ಮುಚ್ಚಿರುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರಿಗಿದ್ದದ್ದನ್ನು ಕಂಡು ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್ ಹಿಡಿದರೆ 33 ಮೀಟರ್ ಕಳೆದಿರುತ್ತದೆ. ಒಣ ರಸ್ತೆಯಲ್ಲೂ ನಿಲ್ಲಲು ಇನ್ನೊಂದು 35 ಮೀಟರ್ ಬೇಕು. ಡಿಮ್ ಲೈಟಿನ ಬೆಳಕು ಅಷ್ಟು ದೂರ ಬೀಳುವುದು ಕಷ್ಟ. ಗಂಟೆಗೆ 60ಕ್ಕೆ ಇಳಿಸಿದರೆ ಒಟ್ಟು ದೂರ 45 ಮೀಟರಿಗೆ ಬರುತ್ತದೆ. ಅಲ್ಲದೆ ಎತ್ತರದ ಟ್ರೇಲರಿನ ಅಡಿಗೆ ನುಗ್ಗಿದ ಕಾರಿನಲ್ಲಿ ಪೆಟ್ಟು ಬಂಪರನ್ನು ಬಿಟ್ಟು ಗಾಜಿಗೆ ಬೀಳುತ್ತದೆ. ಪ್ರಯೋಗಾಲಯದ ಪರೀಕ್ಷೆಯಲ್ಲಿ ಈ ಬಗೆಯ ಗುದ್ದು ಇಲ್ಲ. ಹೀಗಾಗಿ ನಕ್ಷತ್ರ ಬೇಕು, ಆದರೆ ಅಷ್ಟೇ ಸಾಲದು. ಒಳ್ಳೆಯ ಹೆಡ್‌ಲೈಟು, ಹಿಂದಿನ ಸೀಟಿನ ಎಲ್ಲರಿಗೂ ಹೆಗಲ ಮೇಲಿಂದ ಬರುವ ಬೆಲ್ಟು, ಓಡಿಸುವವನ ಸಂಯಮ ಮೂರೂ ಕೂಡಿರಬೇಕು. ಮೇಲ್ಛಾವಣಿಯ ಗಾಜಿಗೂ ದೊಡ್ಡ ಪರದೆಗೂ ಕೊಡುವ ಹೆಚ್ಚಿನ ಹಣವನ್ನು ಒಳ್ಳೆಯ ದೀಪವಿರುವ ಮಾದರಿಗೆ ಕೊಡುವುದು ಈ ಸೀಮೆಯಲ್ಲಿ ಜಾಣತನ.

ನಂಬಿಕೆಯ ಕಾರು ಎಂದರೇನು? ಎಂದೂ ಕೆಡದ ಯಂತ್ರವಿಲ್ಲ. ಕೆಟ್ಟಾಗ ಎಷ್ಟು ದೂರದಲ್ಲಿ, ಎಷ್ಟು ದಿನದಲ್ಲಿ, ಎಷ್ಟು ಖರ್ಚಿನಲ್ಲಿ ರಿಪೇರಿಯಾಗುತ್ತದೆ ಎಂಬುದೇ ನಂಬಿಕೆಯ ಅಳತೆ. ಹೆಸರುವಾಸಿ ಕಂಪನಿಯ ಕಾರಿದ್ದು ಅದರ ಸರ್ವಿಸ್ ಸೆಂಟರ್ ಹುಬ್ಬಳ್ಳಿಯಲ್ಲೇ ಇದ್ದರೆ ಬೀಳಗಿಯವರಿಗೆ ಅದು ನಂಬಿಕೆಯ ಕಾರಾಗದು. ಸರಳ ಪೆಟ್ರೋಲ್ ಎಂಜಿನ್ನು, ಮ್ಯಾನುಯಲ್ ಗೇರು, ತಾಲ್ಲೂಕಿನ ಗ್ಯಾರೇಜಿನವರ ಕೈ ಪಳಗಿದ ಮಾದರಿ, ಅಂಗಡಿಯಲ್ಲಿ ಸಿಗುವ ಬಿಡಿಭಾಗ: ಇಷ್ಟಿದ್ದರೆ ಮುಕ್ಕಾಲು ಚಿಂತೆ ಕಳೆದಂತೆ. ಎರಿ ಹೊಲದ ದಾರಿಗೆ ನೆಲದಿಂದ ಎತ್ತರವೂ ಬೇಕು. ಡಿಜೈರ್‌ಗೆ ಅದು 163 ಮಿಲಿಮೀಟರ್, ನೆಕ್ಸಾನ್‌ಗೆ 208. ಐವರು ಕುಳಿತಾಗ ಎರಡೂ ಇನ್ನಷ್ಟು ತಗ್ಗುತ್ತವೆ. ಡಾಂಬರು ರಸ್ತೆಯ ಬದಿಯಲ್ಲೇ ಮನೆಯಿರುವ ರಬಕವಿಯವರಿಗೆ ಮೊದಲನೆಯದು ಸಾಕು, ತೋಟದ ಮನೆಯವರಿಗೆ ಎರಡನೆಯದೇ ಬೇಕು. ಇನ್ನು ಎಥೆನಾಲ್. ನಮ್ಮದೇ ಕಬ್ಬಿನಿಂದ ನಮ್ಮದೇ ಕಾರ್ಖಾನೆಗಳು ತೆಗೆದ ಎಥೆನಾಲ್ ಈಗ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಬೆರೆತು ಬರುತ್ತದೆ. ಎಥೆನಾಲಿನ ಶಾಖಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದರಷ್ಟು ಕಡಿಮೆ. ಹಳೆಯ ವಿನ್ಯಾಸದ ಕಾರುಗಳ ಮೈಲೇಜು ಇದರಿಂದ ಶೇಕಡಾ 6-7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿ ಅಂದಾಜು ಮಾಡಿತ್ತು. 2023ಕ್ಕಿಂತ ಹಿಂದಿನ ಕಾರು ಕೊಳ್ಳುವವರು ಅದು ಈ ಮಿಶ್ರಣಕ್ಕೆ ಒಗ್ಗುತ್ತದೆಯೇ ಎಂದು ಕೇಳಿಯೇ ಮುಂದುವರಿಯಬೇಕು.

ಬೆಲೆಯ ಲೆಕ್ಕದಲ್ಲಿ ಸರ್ಕಾರವೇ ಒಂದು ಗೆರೆ ಎಳೆದಿದೆ. 2025ರ ಸೆಪ್ಟೆಂಬರ್ 22ರಿಂದ ನಾಲ್ಕು ಮೀಟರ್ ಉದ್ದ ಮೀರದ, 1200 ಸಿಸಿ ಒಳಗಿನ ಪೆಟ್ರೋಲ್ ಕಾರಿಗೆ ಜಿಎಸ್‌ಟಿ ಶೇಕಡಾ 18. ಗೆರೆ ದಾಟಿದ ಎರ್ಟಿಗಾ, ಕಾರೆನ್ಸ್‌ನಂಥವಕ್ಕೆ 40. ತೆರಿಗೆಗೆ ಮುಂಚೆ ಏಳು ಲಕ್ಷದ ಕಾರು ಮೊದಲ ದರದಲ್ಲಿ 8.26 ಲಕ್ಷವಾದರೆ ಎರಡನೆಯದರಲ್ಲಿ 9.80 ಲಕ್ಷವಾಗುತ್ತದೆ. ಅದರ ಮೇಲೆ ರಾಜ್ಯದ ಜೀವಾವಧಿ ತೆರಿಗೆ ಐದರಿಂದ ಹತ್ತು ಲಕ್ಷದವರೆಗೆ ಶೇಕಡಾ 14, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ 17, ಸೆಸ್ ಬೇರೆ. ಎಲ್ಲ ಸೇರಿ ಅಂತರ ಒಂದೂಮುಕ್ಕಾಲು ಲಕ್ಷದಷ್ಟು. ಸಾಲದ ಲೆಕ್ಕವೂ ಹೀಗೇ ಬೆಳೆಯುತ್ತದೆ. ಎಂಟು ಲಕ್ಷಕ್ಕೆ ಶೇಕಡಾ 9ರ ಬಡ್ಡಿಯಲ್ಲಿ ಏಳು ವರ್ಷದ ಕಂತು ತಿಂಗಳಿಗೆ 12,870 ರೂಪಾಯಿ, ಕಟ್ಟುವ ಬಡ್ಡಿ 2.81 ಲಕ್ಷ, ಐದು ವರ್ಷಕ್ಕಾದರೆ ಕಂತು 16,600, ಬಡ್ಡಿ 1.96 ಲಕ್ಷ. ಆದರೆ ಈ ಸೀಮೆಯಲ್ಲಿ ಆದಾಯ ತಿಂಗಳ ಸಂಬಳದಂತೆ ಬರುವುದಿಲ್ಲ. ಕಬ್ಬು ಕಳಿಸಿದ 14 ದಿನಗಳಲ್ಲಿ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳಿದರೂ ಬಿಲ್ಲು ಬಾಕಿ ಉಳಿಯುವುದು ರೈತರಿಗೆ ಹೊಸ ಅನುಭವವಲ್ಲ. ಸೀರೆಗೆ ಬೇಡಿಕೆ ಇಳಿದ ತಿಂಗಳು ಮಗ್ಗದ ಸದ್ದೂ ತಗ್ಗುತ್ತದೆ. ಆದ್ದರಿಂದ ಒಳ್ಳೆಯ ತಿಂಗಳ ಆದಾಯ ನೋಡಿ ಕಂತು ಗೊತ್ತುಮಾಡಬಾರದು. ಕೆಟ್ಟ ತಿಂಗಳಲ್ಲೂ ಕಟ್ಟಲಾಗುವಷ್ಟಿರಬೇಕು.

ಡೀಸೆಲ್ ಅಗ್ಗವಲ್ಲವೇ ಎಂಬುದು ಇನ್ನೊಂದು ಆಕ್ಷೇಪ. ಪೆಟ್ರೋಲ್ ಲೀಟರಿಗೆ 103, ಡೀಸೆಲ್ 91 ರೂಪಾಯಿ ಎಂದಿಟ್ಟುಕೊಂಡು, ಪೆಟ್ರೋಲ್ ಕಾರು 17, ಡೀಸೆಲ್ ಕಾರು 20 ಕಿಲೋಮೀಟರ್ ಕೊಡುತ್ತದೆಂದು ಎಣಿಸೋಣ. ವರ್ಷಕ್ಕೆ 10,000 ಕಿಲೋಮೀಟರ್ ಓಡಿದರೆ ಉಳಿತಾಯ ಸುಮಾರು 15,000 ರೂಪಾಯಿ. ಡೀಸೆಲ್ ಮಾದರಿಗೆ ಒಂದೂಕಾಲು ಲಕ್ಷ ಹೆಚ್ಚು ಕೊಟ್ಟಿದ್ದರೆ ಅದು ಮರಳಲು ಎಂಟು ವರ್ಷ ಬೇಕು. ಜೊತೆಗೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇದೆ. ಎಂಜಿನ್ ಚೆನ್ನಾಗಿ ಕಾಯ್ದು ಓಡಿದಾಗಲೇ ಆ ಮಸಿ ಸುಡುತ್ತದೆ. ಬನಹಟ್ಟಿಯಿಂದ ರಬಕವಿಗೆ, ಅಲ್ಲಿಂದ ತೇರದಾಳಕ್ಕೆ ಎಂದು ತುಂಡು ತುಂಡಾಗಿ ಓಡುವ ಕಾರಿನಲ್ಲಿ ಅದು ಕಟ್ಟಿಕೊಳ್ಳುತ್ತದೆ. ವರ್ಷಕ್ಕೆ 25,000 ಕಿಲೋಮೀಟರ್ ಓಡುವ ವ್ಯಾಪಾರಿಗೆ ಮೂರೂವರೆ ವರ್ಷದೊಳಗೆ ಡೀಸೆಲ್ ಹಣ ಮರಳಿಸುತ್ತದೆ, ಅವರು ಕೊಳ್ಳಲಿ.

ಕೊನೆಯ ಆಕ್ಷೇಪ ಹೆಚ್ಚು ಬಲವಾದದ್ದು: ಹೊಸ ಸಣ್ಣ ಕಾರಿನ ಬೆಲೆಗೆ ಸಾಂಗಲಿಯಲ್ಲೋ ಕೊಲ್ಹಾಪುರದಲ್ಲೋ ಹಳೆಯ ಇನ್ನೋವಾ ಸಿಗುವಾಗ ಸಣ್ಣದೇಕೆ? ಇನ್ನೋವಾ ಗಟ್ಟಿ ಗಾಡಿ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಟೈರು, ಕ್ಲಚ್ಚು, ಸಸ್ಪೆನ್ಷನ್ನು ಎಲ್ಲವೂ ದೊಡ್ಡ ಗಾಡಿಯ ಬೆಲೆಯಲ್ಲೇ ಬರುತ್ತವೆ, ಕೊಂಡ ಬೆಲೆ ಕಡಿಮೆಯೆಂದು ಅಂಗಡಿಯವನು ರಿಯಾಯಿತಿ ಕೊಡುವುದಿಲ್ಲ. ಅಲ್ಲಿನ ಎಂಎಚ್ 10 ಅಥವಾ ಎಂಎಚ್ 09 ನೋಂದಣಿಯ ಗಾಡಿಯನ್ನು ಜಮಖಂಡಿಯ ಕೆಎ 48ಕ್ಕೆ ತರಬೇಕಾದರೆ ಅಲ್ಲಿನ ನಿರಾಕ್ಷೇಪಣಾ ಪತ್ರಕ್ಕೆ 28ನೇ ನಮೂನೆ, ಹೆಸರು ವರ್ಗಾವಣೆಗೆ 29 ಮತ್ತು 30, ಹಳೆಯ ಸಾಲ ತೀರಿದ್ದಕ್ಕೆ 35 ಬೇಕು. ಇಲ್ಲಿ ತೆರಿಗೆಯನ್ನೂ ಕಟ್ಟಬೇಕು. ಇನ್ನೊಂದು ಎಚ್ಚರ ಈ ನದಿ ಸೀಮೆಗೇ ಸೇರಿದ್ದು. 2019ರ ಆಗಸ್ಟ್ ನೆರೆಯಲ್ಲಿ ಸಾಂಗಲಿ, ಕೊಲ್ಹಾಪುರಗಳು ಮುಳುಗಿದ್ದವು. ನೀರುಂಡ ಕಾರನ್ನು ಹೊರಗಿನ ಹೊಳಪಿನಿಂದ ಗುರುತಿಸಲಾಗದು. ಬೆಲ್ಟನ್ನು ಪೂರ್ತಿ ಹೊರಗೆಳೆದು ಕೆಸರಿನ ಕಲೆ ಹುಡುಕಬೇಕು, ಸೀಟಿನ ಕೆಳಗಿನ ಹಳಿಗೆ ತುಕ್ಕು ಹಿಡಿದಿದೆಯೇ ನೋಡಬೇಕು, ನೆಲಹಾಸು ಎತ್ತಿ ಮೂಸಬೇಕು. ಇವೆಲ್ಲ ಸರಿಯಿದ್ದು, ನಂಬಿಕೆಯ ಮೆಕ್ಯಾನಿಕ್ ಒಪ್ಪಿದರೆ ಹಳೆಯ ಕಾರು ಕೊಳ್ಳುವುದರಲ್ಲಿ ತಪ್ಪಿಲ್ಲ. ಆಗಲೂ ನಾಲ್ಕೈದು ವರ್ಷದ ಸಣ್ಣ ಕಾರು ಹನ್ನೆರಡು ವರ್ಷದ ದೊಡ್ಡ ಕಾರಿಗಿಂತ ಮೇಲು, ಏಕೆಂದರೆ ಹದಿನೈದು ವರ್ಷಕ್ಕೆ ನೋಂದಣಿ ಮುಗಿದು ಮರುಪರೀಕ್ಷೆಗೆ ಒಯ್ಯುವ ದಿನ ದೊಡ್ಡದಕ್ಕೆ ಬೇಗ ಬರುತ್ತದೆ.

ಒಟ್ಟಿನಲ್ಲಿ ಈ ನಾಲ್ಕು ತಾಲ್ಲೂಕಿನ ಬಹುತೇಕ ಮನೆಗಳಿಗೆ ಒಪ್ಪುವುದು ನಾಲ್ಕು ಮೀಟರಿನೊಳಗಿನ, ಐದು ಒಳ್ಳೆಯ ಸೀಟಿನ, ಪರೀಕ್ಷೆಯಲ್ಲಿ ಒಳ್ಳೆಯ ನಕ್ಷತ್ರ ಪಡೆದ, ಊರಿನಲ್ಲೇ ರಿಪೇರಿಯಾಗುವ ಪೆಟ್ರೋಲ್ ಕಾರು. ವಾರವಾರ ಏಳು ಮಂದಿ ಓಡಾಡುವ ಮನೆ, ದಿನವೂ ದೂರ ಹೋಗುವ ವ್ಯಾಪಾರಿ ಈ ಮಾತಿಗೆ ಹೊರತು. ಹತ್ತಿರದಲ್ಲೇ ಬಾಡಿಗೆ ಗಾಡಿ ಹೊತ್ತುಹೊತ್ತಿಗೆ ಸಿಗುವ ಸಣ್ಣ ಮನೆಗೆ ಕಾರೇ ಬೇಡದಿರಬಹುದು. ಕೊಳ್ಳುವವರು ಸಹಿ ಹಾಕುವ ಮೊದಲು ಇನ್ನೊಂದು ಲೆಕ್ಕ ನೋಡಬೇಕು: ಮುಂಗಡ ಕಟ್ಟಿದ ಮೇಲೆ ಆರು ತಿಂಗಳ ಕಂತಿನಷ್ಟು ಹಣ ಮನೆಯಲ್ಲಿ ಉಳಿಯುತ್ತದೆಯೇ? ಉಳಿಯದಿದ್ದರೆ ಆ ಕಾರು, ಎಷ್ಟೇ ಚಿಕ್ಕದಿರಲಿ, ಆ ಮನೆಗೆ ದೊಡ್ಡದು. ಮಿರಜಿನ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಗಾಡಿಯಿದ್ದೂ ಅಲ್ಲಿ ಕಟ್ಟಲು ದುಡ್ಡಿಲ್ಲವೆಂದಾದರೆ, ತಪ್ಪಿಸಲಾಗದ ಪ್ರಯಾಣಕ್ಕೆಂದು ಮಾಡಿದ ಸಿದ್ಧತೆ ಅರ್ಧಕ್ಕೇ ನಿಂತಂತಾಗುತ್ತದೆ.