ಬೆಳ್ಗೊಳದ ಕಮಂಡಲು: ಕೈತೊಳೆಯುವ ನೀರಿನ ವಿಚಾರ

ಶ್ರವಣಬೆಳ್ಗೊಳಕ್ಕೆ ಆ ಹೆಸರು ಬಂದುದು ಊರ ನಡುವಣ ಬಿಳಿಯ ಕೊಳದಿಂದ. ಇದನ್ನೇ ಸಂಸ್ಕೃತದಲ್ಲಿ ಧವಳಸರೋವರವೆಂದು ಕರೆದಿರುವರು. ಆದರೆ ಕೊಳದ ನೀರು ಎಷ್ಟೇ ತಿಳಿಯಾಗಿದ್ದರೂ, ಮೊಗೆದ ಹಾಗೆಯೇ ಅದು ದಿಗಂಬರ ಮುನಿಯ ಕಮಂಡಲುವಿಗೆ ಸಲ್ಲದು. ಕಾವ್ಯಪಾಠದಲ್ಲಿ ‘ಪ್ರಾಸುಕ’ವೆಂಬುದಕ್ಕೆ ‘ಶುದ್ಧ’ವೆಂದಷ್ಟೇ ಅರ್ಥ ಹೇಳಿ ಮುಂದೆ ಸಾಗಿದರೆ ಈ ಭೇದವು ಮರೆಯಾಗುವುದು.

ಪಿಂಛವು ಸಂಯಮೋಪಕರಣ, ಕಮಂಡಲು ಶೌಚೋಪಕರಣ. ಸ್ನಾನವನ್ನು ತೊರೆದ ಮುನಿಗೆ ಕೈಕಾಲು ತೊಳೆಯಲು ಇರುವುದು ಈ ಪಾತ್ರೆಯ ನೀರೊಂದೇ. ದಿನಕ್ಕೊಮ್ಮೆ, ಅಂಗೈಯನ್ನೇ ಪಾತ್ರೆಯಾಗಿಸಿಕೊಂಡು ಉಣ್ಣುವವನಿಗೆ ಕೈಯ ನೀರಿನ ಪ್ರಶ್ನೆ ಸಣ್ಣದಲ್ಲ. ಆ ನೀರನ್ನು ಶ್ರಾವಕರು ಮಡಿಸಿದ ದಟ್ಟ ಬಟ್ಟೆಯಲ್ಲಿ ಸೋಸುವರು. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ನೀರು ತಂದ ಬಾವಿಗೇ ಮರಳಿ ಬಿಡುವರು. ಸೋಸುವುದರಿಂದ ಚಲಿಸುವ ತ್ರಸಜೀವಿಗಳು ಮಾತ್ರ ಬೇರೆಯಾಗುವುವು. ನೀರನ್ನೇ ದೇಹವಾಗಿ ಉಳ್ಳ ಅಪ್ಕಾಯಿಕ ಜೀವಿಗಳು ಉಳಿದೇ ಇರುವುವು. ಆದುದರಿಂದ ಕಾಯಿಸಬೇಕು. ಸೋಸಿದ ನೀರಿನ ಅವಧಿ ಒಂದು ಮುಹೂರ್ತ, ಎಂದರೆ 48 ನಿಮಿಷ; ಚೆನ್ನಾಗಿ ಕುದಿಸಿದುದಕ್ಕೆ ಎಂಟು ಪ್ರಹರ, ಎಂದರೆ 24 ಗಂಟೆ ಎಂಬುದು ರೂಢಿ. ಪ್ರಾಣಗಳು ಹೋದುದು ಪ್ರಾಸುಕವೆಂದೇ ಪದದ ಸಾಂಪ್ರದಾಯಿಕ ನಿರುಕ್ತಿ.

ಸ್ಮೃತಿಯ ಮಾತು ಬೇರೆ. ಮನುಸ್ಮೃತಿಯ ಎರಡನೆಯ ಅಧ್ಯಾಯದಂತೆ ಆಚಮನದ ನೀರು ಬಿಸಿಯಾಗಿರಬಾರದು, ನೊರೆಯಿರಬಾರದು. ದುದ್ದ, ಹಾಸನ, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ನೆರೆಹೊರೆಯಾಗಿ ಬಾಳಿದ ಎರಡು ಸಮಯಗಳಲ್ಲಿ ಒಂದಕ್ಕೆ ಕಾಯಿಸುವುದೇ ಯೋಗ್ಯತೆ, ಇನ್ನೊಂದಕ್ಕೆ ಅದೇ ದೋಷ! ಐದನೆಯ ಅಧ್ಯಾಯವು ನೆಲದ ಮೇಲಣ ನೀರಿಗೆ ಮತ್ತೊಂದು ಅಳತೆಯನ್ನು ಕೊಡುತ್ತದೆ: ಗೋವಿನ ಬಾಯಾರಿಕೆ ತೀರುವಷ್ಟಿದ್ದು, ಅಮೇಧ್ಯ ಸೇರದೆ, ಗಂಧ ವರ್ಣ ರಸಗಳು ಕೆಡದಿದ್ದರೆ ಅದು ಶುದ್ಧ.

ಪಶುವಿನ ಬಾಯನ್ನೇ ಪ್ರಮಾಣವಾಗಿ ಹಿಡಿದವರು ಇವರಷ್ಟೇ ಅಲ್ಲ. ಕ್ರಿ. ಶ. 200ರ ಸುಮಾರಿನಲ್ಲಿ ಸಂಕಲಿತವಾದ ಯೆಹೂದ್ಯರ ಮಿಷ್ನಾದಲ್ಲಿ ಕೈತೊಳೆಯುವ ವಿಧಿಗೇ ‘ಯಾದಯಿಮ್’, ಎಂದರೆ ‘ಕೈಗಳು’, ಎಂಬ ಭಾಗವಿದೆ. ದನವು ಕುಡಿಯಲಾರದಷ್ಟು ಕೆಟ್ಟ ನೀರು ಪಾತ್ರೆಯಲ್ಲಿದ್ದರೆ ಕೈಗೆ ಸುರಿಯಲು ಅನರ್ಹ, ನೆಲದಲ್ಲೇ ನಿಂತಿದ್ದರೆ ಅರ್ಹ ಎಂದು ಅಲ್ಲಿ ಉಕ್ತವಾಗಿದೆ. ಮಸಿ ಬಿದ್ದು ಬಣ್ಣ ತಿರುಗಿದರೆ ಆಗದು. ರೊಟ್ಟಿ ನೆನೆಹಾಕುವುದೇ ಮೊದಲಾದ ಕೆಲಸಕ್ಕೆ ಬಳಸಿದ ನೀರೂ ಆಗದು. ಊಟಕ್ಕೆ ಮುಂಚಿನ ನೀರು ಬಿಸಿಯಾದರೂ ತಣ್ಣಗಾದರೂ ಬಾಧಕವಿಲ್ಲವೆಂಬುದು ತಾಲ್ಮೂದಿನ ಮತ. ಅಲ್ಲಿ ವಿಚಾರಿಸುವುದು ನೀರಿನ ಸ್ವರೂಪವನ್ನೂ ಪೂರ್ವೋಪಯೋಗವನ್ನೂ. ನೀರೊಳಗಣ ಜೀವದ ಪ್ರಶ್ನೆಯೇ ಈ ವಿಧಿಯಲ್ಲಿ ಏಳುವುದಿಲ್ಲ.

ಜೈನರಲ್ಲಾದರೋ ಆ ಪ್ರಶ್ನೆಯೇ ಮೊದಲನೆಯದು. ಮುನಿ ಕುಳಿತುಕೊಳ್ಳುವ ನೆಲವನ್ನೂ, ಸ್ವೀಕರಿಸುವ ಆಹಾರವನ್ನೂ ಪ್ರಾಸುಕವೆಂದೇ ಹೇಳುವರು. ಅಲ್ಲೆಲ್ಲ ‘ನಿರ್ಜೀವ’ ಅಥವಾ ‘ಅಚಿತ್ತ’ವೆಂದು ಅರ್ಥ ಬರೆದರೆ ವಾಕ್ಯವು ನೇರವಾಗಿ ನಿಲ್ಲುವುದು.