ಹಳೆಯ ಲೆನ್ಸು, ಹೊಸ ಕ್ಯಾಮರಾ

ಕಳೆದ ವರ್ಷ ನಮ್ಮ ಶಾಲಾ ವಾರ್ಷಿಕೋತ್ಸವದ ರಾತ್ರಿ ಮಕ್ಕಳ ಯಕ್ಷಗಾನವಿತ್ತು. ಕೊಲ್ಲಿ ನಾಡಿನಲ್ಲಿ ಉದ್ಯೋಗದಲ್ಲಿರುವ ಹಳೆವಿದ್ಯಾರ್ಥಿಯೊಬ್ಬರು ಶಾಲೆಗೆಂದು ಕೊಟ್ಟ ಮಿರರ್‌ಲೆಸ್ ಕ್ಯಾಮರಾದಿಂದ ನಾವು ಇನ್ನೂರು ಚಿತ್ರಗಳನ್ನು ತೆಗೆದೆವು. ಮರುದಿನ ನೋಡಿದರೆ ಕುಣಿಯುವ ಮಕ್ಕಳೆಲ್ಲ ಮಸುಕು ಮಸುಕು. ಅವರಿಗೆ ಪ್ರಸಂಗ ಕಲಿಸಿ, ತಾವೇ ಜಾಗಟೆ ಹಿಡಿದು ಹಾಡಿದ ವೃದ್ಧ ಭಾಗವತರ ಒಂದು ಚಿತ್ರವೂ ಸ್ಪಷ್ಟವಾಗಿರಲಿಲ್ಲ. ಮಳೆಗಾಲದಲ್ಲಿ ಅವರು ತೀರಿಕೊಂಡರು. ಮನೆಯವರು ಆ ರಾತ್ರಿಯ ಪಟವೊಂದನ್ನು ಕೇಳಿ ಬಂದಾಗ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ.

ತಪ್ಪು ಕ್ಯಾಮರಾದ್ದಲ್ಲ, ಲೆನ್ಸನ್ನರಿಯದ ನಮ್ಮದು. ಕ್ಯಾಮರಾದೊಡನೆ ಬರುವ ಸಾಮಾನ್ಯ ಜೂಮ್ ಲೆನ್ಸು ದೂರದ ದೃಶ್ಯವನ್ನು ಹತ್ತಿರಕ್ಕೆ ಎಳೆದಾಗ ಅದರ ಬೆಳಕಿನ ಕಿಂಡಿ ಎಫ್ 5.6ಕ್ಕಿಂತ ಹಿರಿದಾಗಿ ತೆರೆಯುವುದು ಅಪರೂಪ. ಈ ಅಂಕಿ ಕಿರಿದಾದಷ್ಟೂ ಕಿಂಡಿ ಹಿರಿದು. ಎಫ್ 1.8ರ ಲೆನ್ಸು ಎಫ್ 5.6ಕ್ಕಿಂತ ಸುಮಾರು ಹತ್ತು ಪಾಲು ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಎರಡನೆಯದಕ್ಕೆ ಸೆಕೆಂಡಿನ 20ನೆಯ ಒಂದಂಶ ಕಾಲ ಬೇಕಾದಲ್ಲಿ ಮೊದಲನೆಯದಕ್ಕೆ 200ನೆಯ ಒಂದಂಶ ಸಾಕು. ಕುಣಿತದ ಮಗು ಸ್ಪಷ್ಟವಾಗುವುದೂ ಮಸುಕಾಗುವುದೂ ಈ ಅಂತರದಲ್ಲೇ.

ಅಂಥ ಹೊಸ ಲೆನ್ಸಿಗೆ ಹಣವೆಲ್ಲಿ? ಆಗ ನೆನಪಾದದ್ದು, ಅಧ್ಯಾಪಕ ತರಬೇತಿ ಮುಗಿಸಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾವು ಕೊಂಡಿದ್ದ ಫಿಲ್ಮ್ ಕ್ಯಾಮರಾ. ಅದರ 50 ಮಿಲಿಮೀಟರ್, ಎಫ್ 1.8 ಲೆನ್ಸು ಕಪಾಟಿನಲ್ಲಿ ಹಾಗೆಯೇ ಇತ್ತು.

ಹಳೆಯ ಲೆನ್ಸು ಹೊಸ ಕ್ಯಾಮರಾಕ್ಕೆ ಹೊಂದುವುದರ ಗುಟ್ಟು ಸರಳವಾದುದು. ಹಿಂದಿನ ಎಸ್‌ಎಲ್‌ಆರ್ ಕ್ಯಾಮರಾಗಳಲ್ಲಿ ಲೆನ್ಸಿಗೂ ಫಿಲ್ಮಿಗೂ ನಡುವೆ ಕನ್ನಡಿಯೊಂದು ಮೇಲೆದ್ದು ಬೀಳಲು ಸ್ಥಳ ಬೇಕಾಗಿತ್ತು. ನಿಕಾನ್‌ನ ಹಳೆಯ ಎಫ್ ಮಾದರಿಯಲ್ಲಿ ಲೆನ್ಸು ಕೂರುವ ಬಳೆಯಿಂದ ಫಿಲ್ಮಿಗೆ 46.5 ಮಿಲಿಮೀಟರ್ ದೂರ. 2018ರಲ್ಲಿ ಬಂದ ಅದರ ಕನ್ನಡಿಯಿಲ್ಲದ ಝಡ್ ಮಾದರಿಯಲ್ಲಿ ಸೆನ್ಸರಿಗೆ ಕೇವಲ 16. ಉಳಿದ 30.5 ಮಿಲಿಮೀಟರನ್ನು ಅಡಾಪ್ಟರ್ ಎಂಬ ಬರಿದಾದ ಲೋಹದ ಬಳೆ ತುಂಬಿಕೊಡುತ್ತದೆ. ಅದರೊಳಗೆ ಗಾಜಿರಬೇಕಾಗಿಲ್ಲ. ಆದರೆ ಒಂದು ಬದಿ ಲೆನ್ಸಿನ ಮಾದರಿಗೂ ಇನ್ನೊಂದು ಬದಿ ಕ್ಯಾಮರಾದ ಮಾದರಿಗೂ ತಕ್ಕದ್ದನ್ನೇ ಕೊಳ್ಳಬೇಕು.

ಬಳೆ ತೊಡಿಸಿ ಗುಂಡಿಯೊತ್ತಿದರೆ ಕ್ಯಾಮರಾ ಅಲುಗಲಿಲ್ಲ! ಲೆನ್ಸೇ ಇಲ್ಲವೆಂದು ಅದು ಭಾವಿಸಿತ್ತು. ‘ಲೆನ್ಸಿಲ್ಲದೆಯೂ ಚಿತ್ರ ತೆಗೆ’ ಎಂಬ ಅರ್ಥದ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿಕೊಟ್ಟವಳು ಏಳನೆಯ ತರಗತಿಯ ಬಾಲಿಕೆ. ಇಂಥ ಲೆನ್ಸಿನಲ್ಲಿ ಕಿಂಡಿಯನ್ನೂ ಫೋಕಸನ್ನೂ ಕೈಯಿಂದಲೇ ತಿರುಗಿಸಬೇಕು. ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ‘ಪೀಕಿಂಗ್’ ಸೌಲಭ್ಯವಿದ್ದರೆ ಅದು ಬಹಳ ಸಹಾಯಕ. ಎಫ್ 1.8ರಲ್ಲಿ ಒಬ್ಬನ ಮುಖ ಸ್ಪಷ್ಟವಾದರೆ ಹಿಂದಿರುವವನದು ಮಸುಕಾಗುತ್ತದೆ. ಆಗ ಬೆಳಕಿದ್ದಷ್ಟಕ್ಕೆ ಕಿಂಡಿಯನ್ನು ಕಿರಿದುಗೊಳಿಸಬೇಕು.

ಸೆನ್ಸರಿನ ಗಾತ್ರವನ್ನೂ ಗಮನಿಸಬೇಕು. ಶಾಲೆಯ ಕ್ಯಾಮರಾದಲ್ಲಿರುವುದು ಎಪಿಎಸ್-ಸಿ ಎಂಬ ಸಣ್ಣ ಸೆನ್ಸರು. ಅದರ ಮುಂದೆ 50 ಮಿಲಿಮೀಟರ್ ಸಂಗಮದೂರದ ಲೆನ್ಸು ಫಿಲ್ಮ್ ಕ್ಯಾಮರಾದ 75ರಷ್ಟೇ ಇಕ್ಕಟ್ಟಾದ ನೋಟ ಕೊಡುತ್ತದೆ. ರಂಗಸ್ಥಳಕ್ಕೆ ಇದು ಅನುಕೂಲ. ಮನೆಯ ಚಾವಡಿಯಲ್ಲಿ ಕುಟುಂಬದವರೆಲ್ಲರನ್ನೂ ಹಿಡಿಸಲು ಸಾಲದು. ಅದಕ್ಕೆ ಆ ಜೂಮ್ ಲೆನ್ಸೇ ಸರಿ. ಹಗಲಿನ ಬೆಳಕಿನಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ.

ಹಳೆಯ ಲೆನ್ಸನ್ನು ಕೊಳ್ಳುವವರು ಅದನ್ನು ದೀಪಕ್ಕೆ ಹಿಡಿದು ಒಳಗೆ ನೋಡಲಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಕೊಳ್ಳಬಾರದು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಚರ್ಮದ ಚೀಲ ತೇವವನ್ನು ಹಿಡಿದಿಡುತ್ತದೆ. ಬಿಗಿಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದು ಲೇಸು.

ಈ ವರ್ಷದ ಯಕ್ಷಗಾನಕ್ಕೆ ಹಾಡಿದವರು ದಿವಂಗತ ಭಾಗವತರ ಶಿಷ್ಯರು. ನಾವು ತೆಗೆದುದು ಅರುವತ್ತೇ ಚಿತ್ರ. ಅರ್ಧದಷ್ಟು ಚೆನ್ನಾಗಿ ಬಂದವು. ಅವುಗಳಲ್ಲೊಂದು, ಗುರುಗಳ ಜಾಗಟೆಯನ್ನೇ ಹಿಡಿದು ಹಾಡುತ್ತಿರುವ ಶಿಷ್ಯರದು. ಅದಕ್ಕೆ ಚೌಕಟ್ಟು ಹಾಕಿಸಿ ಗುರುಗಳ ಮನೆಗೆ ಕೊಟ್ಟುಬಂದೆವು. ಕೇಳಿದ್ದ ಪಟ ಅದಲ್ಲ. ಆದರೂ ಅವರು ಅದನ್ನು ಚಾವಡಿಯ ಗೋಡೆಗೆ ತೂಗುಹಾಕಿದ್ದಾರೆ.

ಓದುಗ ಬಂಧುಗಳೇ, ಹೊಸ ಲೆನ್ಸಿಗೆ ಹಣ ತೆರುವ ಮುನ್ನ ನಿಮ್ಮ ಮನೆಯ ಕಪಾಟನ್ನೂ ಒಮ್ಮೆ ತೆರೆದು ನೋಡಿರಿ.