ಮೂರು ಸಲವೂ ಒಂದೇ ಅಂಕ

ಶಾಲೆಯಲ್ಲಿ ಅನುಮಾಪನ ಪ್ರಯೋಗವನ್ನು ಮಾಡಿದವರಿಗೆ ಒಂದು ಸಂತೋಷವು ನೆನಪಿರಬಹುದು: ಬ್ಯುರೆಟ್ಟಿನ ಅಂಕವು ಮೂರು ಸಲವೂ ಒಂದೇ ಬರುವುದು. (ನೆರೆಯವನ ಪುಸ್ತಕವನ್ನು ಇಣಿಕಿ ನೋಡಿ ಒಂದೇ ಮಾಡಿಕೊಂಡವರ ಮಾತು ಬೇರೆ.) ಅಂಕಗಳು ಕೂಡಿಬಂದ ಮಾತ್ರಕ್ಕೆ ಉತ್ತರವು ಸರಿಯೆ?

ವಿದ್ಯಾರ್ಥಿಯೊಬ್ಬನು 4 ಗ್ರಾಂ ಸೋಡಿಯಂ ಹೈಡ್ರಾಕ್ಸೈಡನ್ನು ತೂಗಿ, ನೀರಿನಲ್ಲಿ ಕರಗಿಸಿ, 1 ಲೀಟರು ದ್ರಾವಣವನ್ನು ಮಾಡಿದನೆನ್ನೋಣ. 6.3 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳುಗಳಿಂದಲೂ ಅಷ್ಟೇ ದ್ರಾವಣ. ಇವೆರಡೂ ಸಮಬಲವಾಗಿರಬೇಕು; 20 ಮಿಲಿಲೀಟರು ಆಮ್ಲಕ್ಕೆ 20 ಮಿಲಿಲೀಟರು ಕ್ಷಾರ ಸಾಕು. ಆದರೆ ಫಿನಾಲ್ಫ್ತಲೀನ್ ನಸುಗೆಂಪಾಗುವಾಗ ಬ್ಯುರೆಟ್ಟು 21.6 ತೋರುತ್ತದೆ, ಮತ್ತೆ 21.6, ಮೂರನೆಯ ಸಲವೂ ಅದೇ. ಕೈ ತಪ್ಪಿಲ್ಲ, ಕಣ್ಣು ತಪ್ಪಿಲ್ಲ. ಸೋಡಿಯಂ ಹೈಡ್ರಾಕ್ಸೈಡು ಗಾಳಿಯಿಂದ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ತೂಗಿದ 4 ಗ್ರಾಂನಲ್ಲಿ ಆಮ್ಲಕ್ಕೆ ಎದುರಾದುದು ಸುಮಾರು 3.7 ಗ್ರಾಂ ಮಾತ್ರ. ಆಕ್ಸಾಲಿಕ್ ಆಮ್ಲದ ಹರಳು ಅಂಥದಲ್ಲ. ಶುದ್ಧವಾಗಿ ದೊರೆಯುತ್ತದೆ, ತೇವವನ್ನು ಹೀರುವುದಿಲ್ಲ. ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ತೂಕವನ್ನೇ ನಂಬಿ, ಇದೇ ಕ್ಷಾರದಿಂದ ಅಂಗಡಿಯ ವಿನಿಗರನ್ನು ಪರೀಕ್ಷಿಸಿದ್ದರೆ, ಅದರ ಆಮ್ಲವನ್ನು ಶೇಕಡ 8ರಷ್ಟು ಹೆಚ್ಚಿಸಿ ಹೇಳುತ್ತಿದ್ದನು. ಅದೂ ಮೂರು ಸಲ!

ಒಂದೇ ದಾರಿಯಲ್ಲಿ ನೂರು ಸಲ ಅಳೆದರೂ ಇಂಥ ದೋಷವು ಬಯಲಿಗೆ ಬಾರದು. ಇನ್ನೊಂದು ದಾರಿ ಬೇಕು. ಇಂಗ್ಲೆಂಡಿನ ರೇಲಿಯು ನೈಟ್ರೊಜನ್ನನ್ನು ಗಾಳಿಯಿಂದಲೂ ಪಡೆದು ತೂಗಿದನು, ರಾಸಾಯನಿಕ ಸಂಯುಕ್ತಗಳಿಂದಲೂ ಪಡೆದು ತೂಗಿದನು. ಒಂದೊಂದು ಬಗೆಯ ತೂಕಗಳೂ ತಮ್ಮತಮ್ಮಲ್ಲಿ ಚೆನ್ನಾಗಿ ಹೊಂದುತ್ತಿದ್ದವು. ಎರಡರ ನಡುವೆ ಮಾತ್ರ ಶೇಕಡ ಅರ್ಧದಷ್ಟು ವ್ಯತ್ಯಾಸ. ಅದನ್ನು ಆತನು ಅಲಕ್ಷಿಸಲಿಲ್ಲ. 1894ರಲ್ಲಿ ರ‍್ಯಾಮ್ಸೆಯೂ ಆತನೂ ಆ ವ್ಯತ್ಯಾಸದಲ್ಲಿ ಅಡಗಿದ್ದ ಆರ್ಗಾನ್ ಅನಿಲವನ್ನು ಕಂಡುಹಿಡಿದರು.